ಒಂಟಿ ಕಾಲಿನ ಮೇಲೆ ಪೋಸ್ಟ್‌ಮಾಸ್ಟರು, ಮೂರು ಗಂಟೆಯ ಬಿಲ್ಡು

"ಮೂರು ಗಂಟೆಯ ಬಿಲ್ಡನ್ನ ಹತ್ತು ನಿಮಿಷಕ್ಕೆ ಇಳಿಸದೇ ಇದ್ರೆ ನನ್ನನ್ನ ಎಂಜಿನಿಯರ್ ಅಂತಲೇ ಕರೀಬೇಡ!"

ಒಂದು ಸೋಮವಾರ ಬೆಳಗ್ಗೆ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಬ್ರಷ್ಷನ್ನು ಕತ್ತಿಯಂತೆ ಮೇಲೆತ್ತಿ ನಮ್ಮ ಎಂಜಿನಿಯರ್ ಮಹಾಶಯ ಮಾಡಿದ ಭೀಷ್ಮ ಪ್ರತಿಜ್ಞೆ ಇದು. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಒಬ್ಬಳೇ.

"ನಾನು ಯಾವತ್ತು ಹಾಗೆ ಕರೆದಿದ್ದೀನಿ? ನಾನು ಕರೆಯೋದು 'ರೀ' ಅಂತ," ಅಂದಳು ಅವಳು. "ಮೊದಲು ಬಾಯಿ ಮುಕ್ಕಳಿಸಿ. ಪ್ರತಿಜ್ಞೆ ಎಲ್ಲ ಕನ್ನಡಿ ಮೇಲೆ ಹಾರ್ತಿದೆ."

ಮಹಾಶಯನ ಆಫೀಸಿನ ಕೆಲಸವೆಲ್ಲ ಮನೆಯ ಹಿಂದಿನ ಕೋಣೆಯಲ್ಲಿ. ಇಂಟರ್ನೆಟ್ ನೋಡಲು ಬಳಸುವ ಒಂದು ದೊಡ್ಡ ಬ್ರೌಸರನ್ನು ರಿಪೇರಿ ಮಾಡುತ್ತಿರುವುದು. ಅದು ಯಾರೊಬ್ಬರ ಸೊತ್ತೂ ಅಲ್ಲ. ಜಗತ್ತಿನ ಯಾರು ಬೇಕಾದರೂ ಅದರ ಒಳಗನ್ನು ತೆಗೆದು ಓದಬಹುದು, ತಿದ್ದಬಹುದು, ಬಿಟ್ಟಿಯಾಗಿ ಬಳಸಬಹುದು. ಒಬ್ಬರ ಮುಖ ಒಬ್ಬರು ನೋಡದ ಜನ ಎಲ್ಲೆಲ್ಲೋ ಕುಳಿತು ವರ್ಷಗಟ್ಟಲೆ ಬರೆದು ಬರೆದು ಅದು ಬೆಟ್ಟವಾಗಿ ಬೆಳೆದಿತ್ತು. ಮನುಷ್ಯರು ಬರೆದ ಆ ಬೆಟ್ಟವನ್ನು ಯಂತ್ರಕ್ಕೆ ಅರ್ಥವಾಗುವಂತೆ ಪೂರ್ತಿ ರುಬ್ಬಿ ಒಟ್ಟು ಮಾಡಿದರೆ ಒಂದು ಬಿಲ್ಡು. ಎಲ್ಲ ಕಡೆ ಬಳಕೆಯಾಗುವ ಒಂದು ಫೈಲಿನಲ್ಲಿ ಒಂದೇ ಒಂದು ಸಾಲು ತಿದ್ದಿದರೂ ಸಾಕು, ಅದನ್ನು ನೆಚ್ಚಿಕೊಂಡ ಸಾವಿರಾರು ಫೈಲುಗಳು 'ನಮ್ಮನ್ನೂ ಇನ್ನೊಮ್ಮೆ ರುಬ್ಬಿ' ಅಂತ ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಮೂರು ಗಂಟೆ ಕಂಪ್ಯೂಟರಿನ ಫ್ಯಾನು ಹೋ ಅಂತ ಕೂಗಿಕೊಳ್ಳುತ್ತಿತ್ತು. ಮೌಸ್ ಅಲುಗಿಸಿದರೆ ಬಾಣದ ಗುರುತು ಪುರುಸೊತ್ತಾದಾಗ ಬರುತ್ತಿತ್ತು. ಬೇರೆ ದಾರಿಯಿಲ್ಲದೆ ಮಹಾಶಯ ಎದ್ದು ಅಡುಗೆಮನೆಗೆ ಬರುತ್ತಿದ್ದ.

ಹೆಂಡತಿ ವ್ಯಾಯಾಮದ ಟೀಚರು. ಮಂಡಿ, ಸೊಂಟ, ಕುತ್ತಿಗೆ ಹಿಡಿದುಕೊಂಡ ನಿವೃತ್ತರಿಗೆ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗ್ಗೆ ಒಂದು, ಸಂಜೆ ಒಂದು ಕ್ಲಾಸು. ಗಂಡನ ಬ್ರೌಸರಿನ ತಲೆಬುಡ ಅವಳಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಒಂದು ಪದ ಮಾತ್ರ ಚೆನ್ನಾಗಿ ಗೊತ್ತಿತ್ತು. ಬೆಳಗಿನ ಕ್ಲಾಸು ಮುಗಿಸಿ ಅವನ ಕೋಣೆಯ ಬಾಗಿಲಿಗೆ ಬಂದು ಕೇಳುತ್ತಿದ್ದಳು:

"ಇವತ್ತು ಬಿಲ್ಡ್ ಇದೆಯಾ?"

"ಇದೆ."

ಅಷ್ಟಂದರೆ ಮುಗಿಯಿತು, ಒಲೆಯ ಮೇಲೆ ಟೀಗೆ ನೀರು ಏರುತ್ತಿತ್ತು. ಅಡುಗೆಮನೆಯ ಚಿಕ್ಕ ಮೇಜಿನ ಆಚೆಗೊಬ್ಬಳು, ಈಚೆಗೊಬ್ಬ. ಅವನು ಬಟಾಣಿ ಸುಲಿಯುತ್ತಿದ್ದ, ಅವಳು ಮಾತಾಡುತ್ತಿದ್ದಳು. ಯಾವ ವಿದ್ಯಾರ್ಥಿಗೆ ಸೊಸೆಯ ಜೊತೆ ಮಾತಿಲ್ಲ, ಯಾರು ಮಂಡಿ ನೋವು ಅಂತ ನಾಟಕ ಆಡುತ್ತಾರೆ, ತನಗೆ ಕಳೆದ ರಾತ್ರಿ ಯಾಕೆ ನಿದ್ದೆ ಬರಲಿಲ್ಲ. ಬಟಾಣಿ ಮುಗಿದರೆ ಬೆಳ್ಳುಳ್ಳಿ. ಮದುವೆಯಾಗಿ ಅಷ್ಟು ವರ್ಷವಾದ ಮೇಲೂ ಗಂಡಹೆಂಡತಿ ಎದುರುಬದುರು ಕೂರುವ ಹೊತ್ತು ಅಂದರೆ ಅದೊಂದೇ.

ಆದರೆ ಮಹಾಶಯನ ಲೆಕ್ಕದಲ್ಲಿ ಅದು ದಂಡವಾಗುತ್ತಿದ್ದ ಹೊತ್ತು. ಅದಕ್ಕೇ ಪ್ರತಿಜ್ಞೆ.

ಮೊದಲ ಅಸ್ತ್ರ, ರುಬ್ಬಿದ್ದನ್ನು ಎತ್ತಿಟ್ಟುಕೊಳ್ಳುವ ತಂತ್ರ. ಅದನ್ನು ಹೂಡಿದ ದಿನ ಹೆಂಡತಿ ಟೀ ಹಿಡಿದು ಕೋಣೆಗೇ ಬಂದಳು.

"ಏನ್ರೀ ಅದು?"

"ಒಂದು ಸಲ ಮಾಡಿದ ಕೆಲಸಾನ ಜೋಪಾನವಾಗಿ ಇಟ್ಟುಕೊಳ್ಳೋದು ಕಣೇ. ಮತ್ತೆ ಅದೇ ಫೈಲ್ ಬಂದ್ರೆ ತಲೆ ಕೆಡಿಸಿಕೊಳ್ಳದೆ ಹಳೇ ಉತ್ತರಾನೇ ಕೊಟ್ಟು ಕಳಿಸೋದು. ಹೊಸದಾಗಿ ಏನೂ ಮಾಡಬೇಕಾಗಿಲ್ಲ."

"ಓ, ಅದಾ? ಅದು ನಿಮ್ಮಲ್ಲಿ ಮೊದಲಿಂದಾನೂ ಇದೆಯಲ್ಲ."

"ನನ್ನಲ್ಲಾ? ಎಲ್ಲಿ?"

"ನಾನು ಏನು ಹೇಳಿದ್ರೂ 'ಹೂಂ, ಆಮೇಲೆ?' ಅಂತೀರಲ್ಲ."

"ಹೂಂ, ಆಮೇಲೆ?" ಅಂದ ಮಹಾಶಯ, ಪರದೆಯಿಂದ ಕಣ್ಣು ಕೀಳದೆ.

ಮೂರು ಗಂಟೆಯ ಬಿಲ್ಡು ಒಂದು ಗಂಟೆಗೆ ಇಳಿಯಿತು. ಅವನ ಹಿಗ್ಗು ಮುಗಿಲಿಗೇರಿತು. ಹೆಂಡತಿ ಕಥೆಯ ನಡುಮಧ್ಯದಲ್ಲಿ ಇರುವಾಗಲೇ ಕೋಣೆಯಲ್ಲಿ ಬಿಲ್ಡು ಮುಗಿದ ಗಂಟೆ 'ಟಿಣ್' ಅನ್ನುತ್ತಿತ್ತು, ಇವನು ಬಟಾಣಿ ಬಿಟ್ಟು ದಡಬಡಿಸಿ ಓಡುತ್ತಿದ್ದ. ಒಂದು ದಿನ ಅವಳು, "ಡಾಕ್ಟರು ಏನಂದ್ರು ಗೊತ್ತಾ, ನಮ್ಮಮ್ಮನಿಗೆ ಇದ್ದ ಹಾಗೇ ನನಗೂ..." ಅನ್ನುವಷ್ಟರಲ್ಲಿ ಟಿಣ್. ಉಳಿದದ್ದನ್ನು ಅವಳು ಯಾರಿಗೆ ಹೇಳಿದಳೋ. ಅರ್ಧ ಸುಲಿದ ಬಟಾಣಿಗೇ ಹೇಳಿರಬೇಕು.

ಒಂದು ಗಂಟೆಗೆ ತೃಪ್ತಿಪಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅತಿಯಾಸೆ ಗತಿಗೇಡು. ಮಹಾಶಯ ಎರಡನೆಯ ಅಸ್ತ್ರ ತೆಗೆದ. ರುಬ್ಬುವ ಕೆಲಸವನ್ನು ಒಂದೇ ಕಂಪ್ಯೂಟರಿಗೆ ಕೊಡುವ ಬದಲು ಮನೆಯಲ್ಲಿರುವ ಯಂತ್ರಗಳಿಗೆಲ್ಲ ಹಂಚುವುದು. ಹನಿ ಹನಿ ಕೂಡಿದರೆ ಹಳ್ಳ ತಾನೆ? ಅಟ್ಟದ ಮೇಲೆ ಕೀಲು ಮುರಿದು ಬಿದ್ದಿದ್ದ ಹಳೆಯ ಲ್ಯಾಪ್‌ಟಾಪ್ ಕೆಳಗಿಳಿಯಿತು. ತನ್ನ ಹಳೆಯ ಆಫೀಸಿನವರು 'ತಗೊಂಡು ಹೋಗಿ ಪುಣ್ಯ ಕಟ್ಕೊಳ್ಳಿ' ಅಂತ ಕೊಟ್ಟಿದ್ದ ಕಂಪ್ಯೂಟರ್ ಡಬ್ಬಿಯೊಂದು ಮಂಚದ ಕೆಳಗಿನಿಂದ ಹೊರಬಂತು. ಇಷ್ಟಾದರೂ ಸಾಲದು. ಕೊನೆಗೆ ಅವನ ಕಣ್ಣು ನಡುಮನೆಯ ಕಡೆ ಹೊರಳಿತು. ಅಲ್ಲಿ ಹೆಂಡತಿಯ ಲ್ಯಾಪ್‌ಟಾಪು, ಹೊಚ್ಚಹೊಸದು, ದಿನದಲ್ಲಿ ಮುಕ್ಕಾಲು ಹೊತ್ತು ಸುಮ್ಮನೆ ನಿದ್ದೆ ಹೊಡೆಯುತ್ತಿತ್ತು.

ಕೇಳಿ ಮಾಡಬಹುದಿತ್ತು. ಆದರೆ ಕೇಳಿದರೆ ಬೇಡ ಅನ್ನುತ್ತಾಳೆ, ಬೇಡ ಅಂದ ಮೇಲೆ ಮಾಡಿದರೆ ತಪ್ಪಾಗುತ್ತದೆ. ಕೇಳದೇ ಮಾಡಿದರೆ ಆ ತಪ್ಪು ಬರುವುದಿಲ್ಲವಲ್ಲ! ಈ ಧರ್ಮಸೂಕ್ಷ್ಮ ಹೊಳೆದದ್ದೇ ತಡ, ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ಅವಳ ಲ್ಯಾಪ್‌ಟಾಪನ್ನು ಬಿಲ್ಡಿನ ಕೂಲಿಗೆ ಸೇರಿಸಿಬಿಟ್ಟ. ಕ್ಲಾಸು ನಡೆಯುವಾಗ ಕೂಲಿಗೆ ರಜೆ ಕೊಡಬೇಕು ಅನ್ನುವ ಒಂದು ಸಾಲನ್ನು ಬರೆಯುವುದು ಮರೆತುಹೋಯಿತು.

ಸಂಜೆಯ ಕ್ಲಾಸು. ಪರದೆಯ ತುಂಬ ಚೌಕ ಚೌಕದಲ್ಲಿ ವಿದ್ಯಾರ್ಥಿಗಳು, ಮೊದಲನೆಯ ಚೌಕದಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು. ಟೀಚರ ಮಾತು ಅವರಿಗೆ ವೇದವಾಕ್ಯ. ಉಸಿರು ಬಿಡಿ ಅನ್ನುವ ತನಕ ಉಸಿರೂ ಬಿಡದ ಮನುಷ್ಯ.

"ಕುರ್ಚಿ ಹಿಡ್ಕೊಂಡು ಒಂದು ಕಾಲು ಮೇಲೆತ್ತಿ," ಅಂದಳು ಟೀಚರು, ತಾನೂ ಎತ್ತಿ ತೋರಿಸುತ್ತ. "ಹಾಗೇ ನಿಲ್ಲಿ. ನಾನು ಹೇಳೋವರೆಗೂ ಯಾರೂ ಇಳಿಸಬಾರದು."

ಸರಿಯಾಗಿ ಆ ಗಳಿಗೆಗೆ ಹಿಂದಿನ ಕೋಣೆಯಲ್ಲಿ ಮಹಾಶಯ ಬಿಲ್ಡಿನ ಗುಂಡಿ ಒತ್ತಿದ. ರುಬ್ಬಬೇಕಾದ ಫೈಲುಗಳು ಹಿಂಡು ಹಿಂಡಾಗಿ ನಡುಮನೆಗೆ ನುಗ್ಗಿದವು. ಲ್ಯಾಪ್‌ಟಾಪ್ ಉಸಿರುಗಟ್ಟಿ ನಿಂತಿತು. ಅಲ್ಲಿ ವಿದ್ಯಾರ್ಥಿಗಳ ಪರದೆಯ ಮೇಲೆ ಟೀಚರು ಕಾಲೆತ್ತಿದ ಹಾಗೇ ಚಿತ್ರವಾಗಿಬಿಟ್ಟಳು. ಇಲ್ಲಿ ಟೀಚರ ಪರದೆಯ ಮೇಲೆ ವಿದ್ಯಾರ್ಥಿಗಳೆಲ್ಲ ಚಿತ್ರವಾದರು.

ಪಾಪ, ಅವಳಿಗೇನು ಗೊತ್ತು? "ಭೇಷ್!" ಅಂದಳು. "ಇಷ್ಟು ದಿನದಲ್ಲಿ ನೀವು ಯಾರೂ ಹೀಗೆ ಅಲುಗಾಡದೆ ನಿಂತಿರಲಿಲ್ಲ. ಈಗ ಇಳಿಸಿ. ಇನ್ನು ನಿಧಾನವಾಗಿ ಕುತ್ತಿಗೆ ತಿರುಗಿಸೋಣ." ತಿರುಗಿಸಿದಳು. ಭುಜ ಕುಣಿಸಿದಳು. ಹೊಗಳುತ್ತ ಹೊಗಳುತ್ತ ಅವಳು ಮಣಿಕಟ್ಟಿಗೆ ಬರುವ ಹೊತ್ತಿಗೆ ಮೊಬೈಲು ಹೊಡೆದುಕೊಂಡಿತು.

"ಟೀಚರ್, ಕಾಲು ಇಳಿಸಬಹುದಾ?" ಪೋಸ್ಟ್‌ಮಾಸ್ಟರ ದನಿ ನಡುಗುತ್ತಿತ್ತು.

"ಆಗಲೇ ಇಳಿಸಿ ಅಂದೆನಲ್ಲ ಸಾರ್. ಈಗ ನಾವು ಮಣಿಕಟ್ಟಿಗೆ ಬಂದಿದ್ದೀವಿ."

"ನೀವಿನ್ನೂ ಒಂಟಿ ಕಾಲ ಮೇಲೇ ಇದ್ದೀರಲ್ಲ ಟೀಚರ್. ನೀವು ಇಳಿಸದೆ ನಾವು ಹೇಗೆ ಇಳಿಸೋದು?"

ಅದೇ ಹೊತ್ತಿಗೆ ಬಿಲ್ಡು ಮುಗಿಯಿತು. ಕೂಲಿಯಿಂದ ಬಿಡುಗಡೆಯಾದ ಲ್ಯಾಪ್‌ಟಾಪಿಗೆ ಜೀವ ಬಂತು, ನಿಂತ ಚಿತ್ರಗಳೆಲ್ಲ ಚಲಿಸಿದವು. ಆಗ ಸಕಲ ವಿದ್ಯಾರ್ಥಿವೃಂದಕ್ಕೆ ಕಂಡ ಮೊದಲ ದೃಶ್ಯ ಯಾವುದು? ಬನಿಯನ್, ಮೊಣಕಾಲುದ್ದದ ಚಡ್ಡಿಯಲ್ಲಿ ಒಬ್ಬ ಗಂಡಸು ಟೀಚರ ಬೆನ್ನ ಹಿಂದೆ ಎರಡೂ ಕೈ ಮೇಲೆತ್ತಿ, "ಹನ್ನೆರಡೇ ನಿಮಿಷ ಕಣೇ!" ಅಂತ ಕುಣಿಯುತ್ತಿದ್ದುದು.

"ಇದೂ ಮಾಡಬೇಕಾ ಟೀಚರ್?" ಅಂತ ಕೇಳಿದರು ಪೋಸ್ಟ್‌ಮಾಸ್ಟರು.

ಅವಳು ಕ್ಲಾಸು ಮುಗಿಸಿ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು. ಚುರ್ ಅಂತ ಕೈ ಹಿಂದಕ್ಕೆ ತೆಗೆದಳು.

"ಇದ್ಯಾಕೆ ಹೀಗೆ ಸುಡ್ತಿದೆ?"

"ಅದು... ನಮ್ಮ ಬಿಲ್ಡಿಗೆ ಸ್ವಲ್ಪ ಕೈ ಜೋಡಿಸ್ತಿತ್ತು."

"ಯಾರನ್ನ ಕೇಳಿ?"

ಸಾವಿರಾರು ಫೈಲುಗಳಿಗೆ ಉತ್ತರ ಎತ್ತಿಟ್ಟುಕೊಂಡಿದ್ದ ಮಹಾಶಯ ಬಗ್ಗಿ ಲ್ಯಾಪ್‌ಟಾಪಿಗೆ ಉಫ್ ಉಫ್ ಅಂತ ಗಾಳಿ ಊದತೊಡಗಿದ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಮೀನಖಂಡ ಹಿಡಿದುಕೊಂಡ ಒಬ್ಬ ಅಜ್ಜಿಗೆ, ಪಾದ ಜುಮ್ಮೆಂದು ಸೋಫಾ ಮೇಲೆ ಬಿದ್ದ ಇನ್ನೊಬ್ಬರಿಗೆ, ಒಬ್ಬೊಬ್ಬರಿಗೂ ಫೋನು ಮಾಡಿ ತಾನೇ ತಪ್ಪಾಯಿತು ಅಂತ ಕೇಳಿಕೊಂಡಳು. ಆಮೇಲೆ ಅವನ ಬಾಗಿಲಿಗೆ ಬಂದು, "ಇನ್ನು ಮೇಲೆ ಕ್ಲಾಸು ಹೊರಗೆ ಇಟ್ಕೋತೀನಿ. ನಿಮ್ಮ ಕೆಲಸಕ್ಕೂ ತೊಂದರೆ ಆಗಲ್ಲ," ಅಂದಳು.

ಅವನ ಕೆಲಸಕ್ಕೆ ತೊಂದರೆ! ಅವಳು ಅದನ್ನು ಕುಟುಕಿ ಹೇಳಿದಳೋ ನಿಜವಾಗಿ ಹೇಳಿದಳೋ ಅವನಿಗೆ ಇವತ್ತಿಗೂ ತಿಳಿದಿಲ್ಲ.

ಪೋಸ್ಟ್‌ಮಾಸ್ಟರು ಲೈಬ್ರರಿಯ ಹಿಂಭಾಗದ ಹಾಲನ್ನು ಗೊತ್ತುಮಾಡಿಕೊಟ್ಟರು. ಬೆಂಚು ಕುರ್ಚಿಗಳನ್ನು ಬದಿಗೆ ಸರಿಸಿ ಕ್ಲಾಸು. ಚೌಕದೊಳಗಿನ ಮುಖಗಳು ಎದುರಿಗೇ ಬಂದು ನಿಂತಿದ್ದಕ್ಕೆ ವಿದ್ಯಾರ್ಥಿಗಳಿಗೆ ಖುಷಿಯೋ ಖುಷಿ. ಕ್ಲಾಸು ಮುಗಿದ ಮೇಲೆ ಯಾರೋ ಒಬ್ಬರು ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದರು. ಸುತ್ತ ಕುಳಿತು ಹರಟೆ. ಟೀಚರು ಮನೆಗೆ ಬರುವುದು ದಿನದಿಂದ ದಿನಕ್ಕೆ ತಡವಾಯಿತು.

ಇತ್ತ ಮಹಾಶಯನಿಗೆ ಆಫೀಸಿನವರು ದೂರದ ಒಂದು ಭಾರೀ ಯಂತ್ರವನ್ನು ಕೊಟ್ಟರು. ಬಿಲ್ಡು ಏಳೆಂಟು ನಿಮಿಷಕ್ಕೆ ಬಂತು. ಪ್ರತಿಜ್ಞೆ ನೆರವೇರಿತು! ಯಾವ್ಯಾವುದೋ ದೇಶಗಳಿಂದ ಮೆಚ್ಚುಗೆಯ ಮೇಲ್‌ಗಳು ಬಂದವು. ಬಿಲ್ಡು ಬೇಗ ಆದರೆ ಬಿಡುವು ಬೇಗ ಸಿಗುತ್ತದೆ ಅಂದುಕೊಂಡಿದ್ದ. ಬೇಗ ಬಂದದ್ದು ಇನ್ನಷ್ಟು ಕೆಲಸ. ಮೊದಲು ದಿನಕ್ಕೆ ಎರಡು ಸಲ ತಿದ್ದುತ್ತಿದ್ದವನು ಈಗ ಇಪ್ಪತ್ತು ಸಲ ತಿದ್ದುತ್ತಿದ್ದ. ಕುರ್ಚಿ ಬಿಟ್ಟು ಏಳಲು ಒಂದು ನೆವ ಉಳಿಯಲಿಲ್ಲ.

ಮೆಚ್ಚುಗೆಯ ಮೇಲ್‌ಗಳನ್ನು ಯಾರಿಗಾದರೂ ಓದಿ ಹೇಳಬೇಕಲ್ಲ? ಎದ್ದು ಅಡುಗೆಮನೆಗೆ ಹೋದ. ಮೇಜು ಒರೆಸಿತ್ತು. ಬಟಾಣಿ ಫ್ರಿಜ್ಜಿನಲ್ಲಿ ಸುಲಿದದ್ದೇ ಪ್ಯಾಕೆಟ್ಟಿನಲ್ಲಿ ಬಂದು ಕುಳಿತಿತ್ತು, ಅದಕ್ಕೂ ಅವನ ಗರಜಿರಲಿಲ್ಲ. ತನಗೊಬ್ಬನಿಗೇ ಟೀ ಮಾಡಿಕೊಂಡ. ಒಬ್ಬನಿಗೆ ಎಷ್ಟು ನೀರು ಇಡಬೇಕು ಅನ್ನುವುದು ಗೊತ್ತಾಗದೆ ಇಬ್ಬರಿಗಾಗುವಷ್ಟು ಆಯಿತು. ಅರ್ಧ ಕುಡಿದು ಅರ್ಧ ಚೆಲ್ಲಿದ. ಮನೆ ಇಷ್ಟು ದೊಡ್ಡದು ಅಂತ ಅವನಿಗೆ ಅನಿಸಿದ್ದು ಅವತ್ತೇ.

ಸಂಜೆ ಅವಳು ಬಂದಾಗ ಬಾಯಿಬಿಟ್ಟ. "ಮೂರು ಗಂಟೆಯದು ಏಳು ನಿಮಿಷಕ್ಕೆ ಬಂತು ಗೊತ್ತಾ?"

"ಹೂಂ," ಅಂದಳು ಅವಳು, ಚಪ್ಪಲಿ ಬಿಡುತ್ತ. "ಆಮೇಲೆ?"



ಹೀಗೆ ದಿನ ಕಳೆಯುತ್ತಿರಲು ಒಂದು ಮಧ್ಯಾಹ್ನ ಅವನ ಮೊಬೈಲಿಗೆ ಪೋಸ್ಟ್‌ಮಾಸ್ಟರು ಫೋನು ಮಾಡಿದರು.

"ಟೀಚರ್ ಫೋನ್ ತೆಗೀತಿಲ್ಲ, ಅದಕ್ಕೆ ನಿಮಗೆ ಮಾಡ್ದೆ. ಭುಜ ಈಗ ಹೇಗಿದೆಯಪ್ಪ?"

"ಹೂಂ, ಚೆನ್ನಾಗಿದೆ ಸಾರ್," ಅಂತು ಮಹಾಶಯನ ಬಾಯಿ, ಮಹಾಶಯನನ್ನು ಕೇಳದೆ.

"ಅವತ್ತು ಬೆಂಚು ಎತ್ತೋವಾಗ ಉಳುಕಿದ್ದು ಇನ್ನೂ ಹೋಗಿಲ್ಲ ಅಂತಿದ್ರು. ಭಾರ ಎತ್ತಬಾರದು ಅಂತ ಡಾಕ್ಟರು ಬೇರೆ ಹೇಳಿದಾರೆ. ಮನೇಲಿ ನೀವು ನೋಡ್ಕೋತೀರಿ, ನಮಗೇನು ಯೋಚನೆ ಇಲ್ಲ ಬಿಡಿ."

ಫೋನು ಇಟ್ಟವನು ಪರದೆಗೆ ಬೆನ್ನು ಹಾಕಿ ಕುಳಿತ. ಯಾವ ಬೆಂಚು? ಯಾವ ಡಾಕ್ಟರು? ಮೇಲಿನ ಕಪಾಟಿನಿಂದ ದೊಡ್ಡ ಪಾತ್ರೆ ಇಳಿಸಿಕೊಡಿ ಅಂತ ಅವಳು ಮೊನ್ನೆ ಕೇಳಿದ್ದು ನೆನಪಾಯಿತು. 'ಹೂಂ' ಅಂದಿದ್ದ. ಆಮೇಲೆ ಪಾತ್ರೆ ಒಲೆಯ ಮೇಲಿತ್ತು. ಯಾರು ಇಳಿಸಿದರು ಅಂತ ಅವನು ಯೋಚಿಸಿರಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಮಂಚದ ಮೇಲೆ ಮಲಗುವ ಹೆಂಡತಿಯ ನೋವಿನ ಸುದ್ದಿ ಅವನಿಗೆ ಪೋಸ್ಟಾಫೀಸಿನ ದಾರಿಯಲ್ಲಿ ಬಂದು ತಲುಪಬೇಕಾಯಿತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ತಾನಿಲ್ಲದೆ ಅವಳಿಗೆ ನಡೆಯುತ್ತಿದೆಯಲ್ಲ ಅಂತ ಭಯ.

ಮಹಾಶಯ ಎಷ್ಟಾದರೂ ಎಂಜಿನಿಯರು. ಸಮಸ್ಯೆ ಬಿಲ್ಡಿನಿಂದ ಬಂತು ಅಂದರೆ ಪರಿಹಾರವೂ ಬಿಲ್ಡಿನಲ್ಲೇ ಇರಬೇಕು. ಮರುದಿನ ಭಾರೀ ಯಂತ್ರದ ಸಂಪರ್ಕ ಕಿತ್ತ, ಕೂಲಿಯವರನ್ನೆಲ್ಲ ಮನೆಗೆ ಕಳಿಸಿದ, ಎತ್ತಿಟ್ಟ ಉತ್ತರಗಳನ್ನೆಲ್ಲ ಅಳಿಸಿಹಾಕಿದ. ತನ್ನ ಹಳೆಯ ಕಂಪ್ಯೂಟರಿನ ಮೇಲೆ ಹಳೆಯ ಮೂರು ಗಂಟೆಯ ಬಿಲ್ಡನ್ನು ಅವಳು ಬರುವ ಹೊತ್ತಿಗೆ ಸರಿಯಾಗಿ ಶುರುಮಾಡಿದ. ಫ್ಯಾನು ಹೋ ಅಂತು. ಆಹಾ, ಎಂಥ ಸಂಗೀತ! ಕುರ್ಚಿಯಲ್ಲಿ ಮೈ ನೆಟ್ಟಗೆ ಮಾಡಿಕೊಂಡು ಅವಳು ಬಂದು ಕೇಳಲಿ ಅಂತ ಕಾದ.

ಅವಳು ಬಂದಳು. ಬಾಗಿಲ ತನಕ ಬಂದಳು. ಫ್ಯಾನಿನ ಸದ್ದು ಕೇಳಿ, 'ಪಾಪ, ಏನೋ ಭಾರೀ ಕೆಲಸದಲ್ಲಿದ್ದಾರೆ' ಅಂತ ಅಂದುಕೊಂಡಳೋ ಏನೋ, ಸದ್ದಾಗದ ಹಾಗೆ ಅವನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಅವನು ಎದ್ದು ಹೋಗಿ ನೋಡುವ ಹೊತ್ತಿಗೆ ಅಡುಗೆಮನೆಯಲ್ಲಿ ತೊಳೆದ ಲೋಟವೊಂದು ಬೋರಲು ಬಿದ್ದಿತ್ತು, ಹೆಂಡತಿ ಮಲಗುವ ಕೋಣೆಯಲ್ಲಿ ಕಣ್ಣು ಮುಚ್ಚಿದ್ದಳು. ಮೂರು ಗಂಟೆ ಅವನು ಆ ಮೇಜಿನ ಮುಂದೆ ಒಬ್ಬನೇ ಕುಳಿತ. ಆ ಬಿಲ್ಡಿನಷ್ಟು ಉದ್ದದ ಬಿಲ್ಡನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಅದರ ಮರುದಿನ ಮಹಾಶಯ ಕಂಪ್ಯೂಟರನ್ನೇ ಆಫ್ ಮಾಡಿದ. ಬಿಲ್ಡಿಲ್ಲ, ಫ್ಯಾನಿಲ್ಲ, ಟಿಣ್ ಇಲ್ಲ. ಎರಡು ಲೋಟ ಟೀ ಮಾಡಿ ಮುಚ್ಚಿಟ್ಟು ಅಡುಗೆಮನೆಯಲ್ಲಿ ಕುಳಿತ.

ಅವಳು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಗಂಡನನ್ನು ನೋಡಿದಳು, ಕತ್ತಲಾಗಿದ್ದ ಅವನ ಕೋಣೆಯನ್ನು ನೋಡಿದಳು.

"ಕರೆಂಟ್ ಹೋಗಿದೆಯಾ?" ಅಂದಳು. ತಲೆಯ ಮೇಲೆ ದೀಪ ಉರಿಯುತ್ತಿತ್ತು.

"ಇಲ್ಲ."

"ಹಾಗಾದ್ರೆ ಕೆಟ್ಟುಹೋಯ್ತಾ?"

"ಇಲ್ಲ ಕಣೇ. ನಾನೇ ಆಫ್ ಮಾಡ್ದೆ."

ಅವಳ ಮುಖ ಇಳಿಯಿತು. ಚೀಲ ಕೆಳಗಿಟ್ಟು, ಎದುರಿನ ಕುರ್ಚಿ ಬಿಟ್ಟು ಪಕ್ಕದ ಕುರ್ಚಿಯಲ್ಲೇ ಕುಳಿತು, ದನಿ ತಗ್ಗಿಸಿ ಕೇಳಿದಳು: "ಕೆಲಸದಿಂದ ತೆಗೆದ್ರಾ?" ಅವನು ಬಾಯಿ ತೆರೆಯುವ ಮೊದಲೇ ಅವನ ಕೈಯ ಮೇಲೆ ಕೈಯಿಟ್ಟಳು. "ಹೋಗಲಿ ಬಿಡಿ. ನನ್ನ ಕ್ಲಾಸ್ ಇದೆಯಲ್ಲ. ಹೇಗೋ ನಡೆಯುತ್ತೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಎಷ್ಟು ದಿನವಾಗಿತ್ತು ಆ ಕೈ ಅಲ್ಲಿ ಬಂದು! ಹೌದು ಅಂದುಬಿಡೋಣ ಅನ್ನಿಸಿತು ಅವನಿಗೆ. ಕೆಲಸ ಹೋದರೆ ಇಷ್ಟು ಸುಖ ಇದೆ ಅಂತ ಯಾರೂ ಅವನಿಗೆ ಹೇಳಿರಲಿಲ್ಲ.  ಆದರೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಕೆಲಸ ಇದೆ ಕಣೇ. ಏನೂ ಆಗಿಲ್ಲ."

ಕೈ ಹಿಂದಕ್ಕೆ ಹೋಯಿತು. "ಮತ್ತೆ ಇಲ್ಯಾಕೆ ಕೂತಿದ್ದೀರಿ?"

"ನಿನ್ನ ಭುಜ ಹೇಗಿದೆ ಅಂತ ಕೇಳೋಣ ಅಂತ."

ಅವಳು ಅವನ ಕಡೆ ತಿರುಗಿದಳು. ಮೈತುಂಬ ಶಾಲು ಹೊದ್ದಿದ್ದಳು, ಎರಡೂ ಭುಜ ಒಂದೇ ಸಮ ಮುಚ್ಚಿದ್ದವು.

"ಯಾವ ಭುಜ?" ಅಂದಳು.

ಲಕ್ಷಾಂತರ ಸಾಲುಗಳ ನಡುವೆ ಅಡಗಿ ಕುಳಿತ ಒಂದು ತಪ್ಪನ್ನು ಹೆಕ್ಕಿ ತೆಗೆಯುವ ನಮ್ಮ ಎಂಜಿನಿಯರ್ ಮಹಾಶಯ ಆ ಶಾಲನ್ನು ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ. ಬೆವರೊರೆಸಿಕೊಂಡ.

"ಎಡಗಡೇದು," ಅಂದ.

ಅವಳು ಎಡಗೈ ಚಾಚಿ ಟೀ ಲೋಟವನ್ನು ಹತ್ತಿರ ಎಳೆದುಕೊಂಡು ಒಂದು ಗುಟುಕು ಕುಡಿದಳು.

"ಅಷ್ಟೆಲ್ಲ ಹೇಳಿದ ಪೋಸ್ಟ್‌ಮಾಸ್ಟರು, ಬಲಗಡೇದು ಅಂತ ಒಂದು ಮಾತು ಹೇಳಲಿಲ್ವಾ?"